ಓದುಗರ ಪ್ರಶ್ನೆ: ರಿಪೇರಿ ಮೇಜಿನ ಸೀರೀಸ್ ಬಲ್ಬ್

ಪ್ರಶ್ನೆ: ಹಿಂದೆ ರಿಪೇರಿ ಅಂಗಡಿಗಳಲ್ಲಿ ರೇಡಿಯೊವನ್ನು ನೇರ ಪ್ಲಗ್ಗಿಗೆ ಹಾಕದೆ ಬಲ್ಬಿನ ಮೂಲಕ ಕರೆಂಟ್ ಕೊಡುತ್ತಿದ್ದರು. ಏಕೆ? ವರ್ಷಗಟ್ಟಲೆ ಮೂಲೆಗೆ ಬಿದ್ದಿರುವ ವಾಲ್ವ್ ರೇಡಿಯೊವನ್ನು ಹಾಗೇ ಹಾಕಿ ನೋಡಬಹುದೆ?

ಉತ್ತರ: ಖಂಡಿತ ಬೇಡ. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ (ವಿದ್ಯುತ್ ಕೂಡಿಡುವ ಬಿಡಿಭಾಗ) ಒಳಗಿನ ಆಕ್ಸೈಡ್ ಪದರ ಬಳಕೆಯಿಲ್ಲದೆ ತೆಳುವಾಗಿರುತ್ತದೆ. ಏಕಾಏಕಿ ಪೂರ್ತಿ ವೋಲ್ಟೇಜ್ ಬಿದ್ದರೆ ಕಾದು ಒಡೆಯುತ್ತದೆ, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ.

ಅದಕ್ಕೇ ಸೀರೀಸ್ ಬಲ್ಬ್. ಫೇಸ್ ತಂತಿಯ ನಡುವೆ 60 ಅಥವಾ 100 ವ್ಯಾಟಿನ ಬಲ್ಬ್ ಸೇರಿಸುವುದು, ಅಷ್ಟೇ. ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ಉಪಯೋಗಕ್ಕೆ ಬಾರದು. ಸೆಟ್ಟಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ಟಿಗೆ ವೋಲ್ಟೇಜೇ ಸಿಗುವುದಿಲ್ಲ. ಸರಿಯಿದ್ದರೆ ಮೊದಲು ಬೆಳಗಿ, ಆಮೇಲೆ ಮಂಕಾಗುತ್ತದೆ. ಮೀಟರ್ ಹಿಡಿಯುವ ಮೊದಲೇ ಅರ್ಧ ರೋಗ ಗೊತ್ತಾಗುತ್ತಿದ್ದದ್ದು ಹೀಗೆ.

ಬಲ್ಬ್ ಸುಮ್ಮನಿದೆಯೆಂದು ನಿಶ್ಚಿಂತರಾಗಬೇಡಿ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಕರೆಂಟಿನ ಹರಿವನ್ನು ಹಿಡಿತದಲ್ಲಿಡುವ ಜಾಲರಿ) ಹೋಗುವ 0.01 ಮೈಕ್ರೊಫ್ಯಾರಡ್ಡಿನ ಪೇಪರ್ ಕೆಪಾಸಿಟರ್ ಲೀಕ್ ಆಗಿದ್ದರೆ ಗ್ರಿಡ್ಡಿನಲ್ಲಿ ಪಾಸಿಟಿವ್ ವೋಲ್ಟೇಜ್ ಬಂದು ವಾಲ್ವ್ ಮಿತಿಮೀರಿ ಕಾಯುತ್ತದೆ. ಅಳೆಯುತ್ತ ಕೂರುವುದಕ್ಕಿಂತ 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿಬಿಡುವುದೇ ಲೇಸು. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟುಗಳಲ್ಲಿ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಕರೆಂಟ್ ಇರಬಹುದು, ಸೀರೀಸ್ ಬಲ್ಬ್ ಇದ್ದರೂ ಶಾಕ್ ತಪ್ಪುವುದಿಲ್ಲ. ಅಂಥದ್ದನ್ನು ಅನುಭವಸ್ಥರಿಗೇ ಬಿಡಿ.

ಪ್ರಶ್ನೆ: ಬ್ಯಾಟರಿ ಹೊಸದು, ಆದರೂ ಟ್ರಾನ್ಸಿಸ್ಟರ್ ರೇಡಿಯೊ ಮೂಕವಾಗಿದೆ. ಎಲ್ಲಿಂದ ಹುಡುಕಬೇಕು?

ಉತ್ತರ: ಇಯರ್‌ಫೋನ್ ಸಾಕೆಟ್ಟಿನಿಂದ! ಪಿನ್ ತೆಗೆದ ಮೇಲೂ ಸಾಕೆಟ್ಟಿನೊಳಗಿನ ಲೋಹದ ಪತ್ತಿ ಮರಳಿ ಕೂರದಿದ್ದರೆ ಸ್ಪೀಕರಿನ ಸಂಪರ್ಕ ಕಡಿದೇ ಇರುತ್ತದೆ. ನಾಲ್ಕಾರು ಬಾರಿ ಪಿನ್ ಹಾಕಿ ತೆಗೆಯಿರಿ. ಆಗಲೂ ಸದ್ದಿಲ್ಲದಿದ್ದರೆ ಸ್ಪೀಕರಿನ ಒಂದು ತಂತಿ ಬಿಡಿಸಿ, ಸ್ಪೀಕರಿನ ಎರಡೂ ತುದಿಗೆ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ. ‘ಕಟ್’ ಎಂದರೆ ಸ್ಪೀಕರ್ ಜೀವಂತ.

ತಂತಿಯನ್ನು ಮತ್ತೆ ಬೆಸೆದು, ವಾಲ್ಯೂಮ್ ಏರಿಸಿ, ಸ್ಕ್ರೂಡ್ರೈವರಿನ ಲೋಹಕ್ಕೆ ಬೆರಳಿಟ್ಟು ವಾಲ್ಯೂಮ್ ಕಂಟ್ರೋಲಿನ ನಡುವಿನ ಪಿನ್ ಮುಟ್ಟಿ. ಗುಂಯ್ ಎಂದರೆ ಅಲ್ಲಿಂದ ಸ್ಪೀಕರಿನವರೆಗೆ ಎಲ್ಲ ಸರಿ, ದೋಷ ಆಂಟೆನಾ ಕಡೆಗಿದೆ. ಒಳಗಿನ ಆಂಟೆನಾ ಆದ ಕಪ್ಪು ಫೆರೈಟ್ ಕಡ್ಡಿಯ ಸುತ್ತಿನ ಕೂದಲೆಳೆಯಂಥ ತಂತಿ ಕಡಿದಿದೆಯೇ ನೋಡಿ. ಬೆರಳಿಟ್ಟು ಮುಟ್ಟುವ ವಿಧಾನ ಬ್ಯಾಟರಿ ಸೆಟ್ಟಿಗೆ ಮಾತ್ರ. ಹಳದಿ, ಬಿಳಿ, ಕಪ್ಪು ತಲೆಯ ಐಎಫ್ (ಮಧ್ಯಂತರ ಆವರ್ತನದ) ಕಾಯಿಲುಗಳನ್ನು ಸುಮ್ಮನೆ ತಿರುಗಿಸಬೇಡಿ. 455 ಕಿಲೊಹರ್ಟ್ಸಿಗೆ ಕೂರಿಸಿದ್ದು ತಪ್ಪಿದರೆ ಸಿಗ್ನಲ್ ಜನರೇಟರ್ ಇಲ್ಲದೆ ಸರಿಪಡಿಸುವುದು ಕಷ್ಟ.

ಪ್ರಶ್ನೆ: ಹಳೆಯ ಟಿವಿಯಲ್ಲಿ ಅಡ್ಡಲಾಗಿ ಒಂದೇ ಬಿಳಿ ಗೆರೆ ಬರುತ್ತಿದೆ.

ಉತ್ತರ: ಚಿತ್ರವನ್ನು ಮೇಲಿಂದ ಕೆಳಕ್ಕೆ ಹರಡುವ ವರ್ಟಿಕಲ್ ವಿಭಾಗ ನಿಂತಿದೆ. ಐಸಿಯ ಸುತ್ತಲಿನ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಅಥವಾ ಒಣಗಿದ ಕೆಪಾಸಿಟರ್ ಕಾರಣವಿರಬಹುದು. ಟಿವಿ ಆರಿಸಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ, ಹಿಂಬದಿ ತೆರೆಯಬೇಡಿ. ಮೆಕ್ಯಾನಿಕ್ ಬರುವವರೆಗೂ ಟಿವಿ ಹಾಕದಿರಿ. ಗೆರೆ ಒಂದೇ ಕಡೆ ಉರಿದರೆ ಪರದೆಯ ಮೇಲೆ ಕಲೆ ಉಳಿಯುತ್ತದೆ.