ಸೌಂಡ್ ಬರ್ತಿಲ್ಲ, ನೆಟ್ ಸರಿ ಇದೆ, ಏನ್ಮಾಡ್ಲಿ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆನ್‌ಲೈನ್ ಟ್ರೈನಿಂಗ್ ಬಗ್ಗೆನೇ. 2020ರ ಲಾಕ್‌ಡೌನಲ್ಲಿ ಬೇರೆ ದಾರಿ ಇಲ್ದೆ ಶುರುವಾಗಿದ್ದು ಈಗ ಮೇಷ್ಟ್ರಿಗೂ ಬಿಡ್ತಿಲ್ಲ, ತೋಟ ಮಾಡೋರಿಗೂ ಬಿಡ್ತಿಲ್ಲ, ಲೆಕ್ಕ ಬರೆಯೋರಿಗೂ ಬಿಡ್ತಿಲ್ಲ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ರಿಂದ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಟೀಚರ್, ಶಿರಸಿ ಕಡೆಯವಳು. ಮೊನ್ನೆ ಜೂಮಲ್ಲಿ ಟ್ರೈನಿಂಗ್ ಇತ್ತು, ಚಿತ್ರ ಚೆನ್ನಾಗಿ ಬರ್ತಿತ್ತು, ಆದ್ರೆ ಒಂದು ಅಕ್ಷರನೂ ಕೇಳಿಸ್ಲಿಲ್ಲ. ವಾಲ್ಯೂಮ್ ಫುಲ್ ಇಟ್ಟಿದ್ದೆ. ಎರಡು ಸಲ ಫೋನ್ ಆಫ್ ಮಾಡಿ ಆನ್ ಮಾಡ್ದೆ. ಫೋನ್ ಹಾಳಾಗಿದ್ಯಾ?

ಇಲ್ಲ ಮೇಡಂ, ಫೋನ್ ಚೆನ್ನಾಗೇ ಇದೆ. ನಿಮಗೆ ಆಗಿರೋದು ನನಗೂ ಆಗಿದೆ, ಅದನ್ನ ಮೊದಲು ಹೇಳ್ಬಿಡ್ತೀನಿ. ಒಂದಿನ ನಾನು ಲ್ಯಾಪ್‌ಟಾಪ್ ಮುಂದೆ ಇಪ್ಪತ್ತೈದು ನಿಮಿಷ ಒದ್ದಾಡಿದೀನಿ, ಸೆಟ್ಟಿಂಗ್ ಎಲ್ಲ ತಿರುವಿ ಹಾಕಿದೀನಿ, ಕೊನೆಗೆ ಅಡಿಗೆಮನೆಯಿಂದ ಹೆಂಡತಿ ಬಂದು "ಮೊಳೆಗೆ ನೇತುಹಾಕಿರೋ ನಿಮ್ಮ ನೆಕ್‌ಬ್ಯಾಂಡು ಆಗಿಂದ ಇಂಗ್ಲಿಷಲ್ಲಿ ಏನೋ ಪಿಸುಗುಡ್ತಿದೆ" ಅಂದ್ಳು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಆಫ್ ಮಾಡೋದು ಮರೆತಿದ್ದೆ, ಇಡೀ ಉಪನ್ಯಾಸ ಒಗ್ಗರಣೆ ಡಬ್ಬಿಗೆ ಹೋಗಿತ್ತು.

ಅದಕ್ಕೇ ಮೊದಲು ಬ್ಲೂಟೂತ್ ಆಫ್ ಮಾಡಿ ನೋಡಿ. ಆಗ್ಲಿಲ್ವಾ, ಜೂಮ್ ಸ್ಕ್ರೀನನ್ನ ಒಂದ್ಸಲ ಮುಟ್ಟಿ, ಕೆಳಗೆ ಪಟ್ಟಿ ಬರುತ್ತೆ, ಅಲ್ಲಿ ಎಡಗಡೆ ಮೈಕಿನ ಗುರುತು ಇರ್ಬೇಕಾದ ಜಾಗದಲ್ಲಿ 'ಜಾಯಿನ್ ಆಡಿಯೋ' ಅಂತ ಇದ್ರೆ ನೀವು ಮೀಟಿಂಗಿಗೆ ಕಣ್ಣು ಮಾತ್ರ ತಗೊಂಡು ಹೋಗಿದೀರಿ, ಕಿವಿ ಹೊರಗೇ ಬಿಟ್ಟಿದೀರಿ ಅಂತ ಅರ್ಥ. ಒಳಗೆ ಹೋಗುವಾಗ ಒಂದು ಪ್ರಶ್ನೆ ಕೇಳುತ್ತೆ, ಅವಸರದಲ್ಲಿ ಅದನ್ನ ಮುಚ್ಚಿಬಿಡ್ತೀವಿ, ಅದರಿಂದ ಆಗೋದು ಇದು. ಆ 'ಜಾಯಿನ್ ಆಡಿಯೋ' ಒತ್ತಿ 'ವೈಫೈ ಆರ್ ಸೆಲ್ಯುಲರ್ ಡೇಟಾ' ಅನ್ನೋದನ್ನ ಆರಿಸಿ.

ಇನ್ನು ವಾಲ್ಯೂಮ್ ಫುಲ್ ಇತ್ತು ಅಂದ್ರಲ್ಲ, ಫೋನಲ್ಲಿ ಹಾಡಿನ ವಾಲ್ಯೂಮ್ ಬೇರೆ, ಕಾಲ್ ವಾಲ್ಯೂಮ್ ಬೇರೆ. ಹೊರಗಿದ್ದಾಗ ಬಟನ್ ಒತ್ತಿದ್ರೆ ಹಾಡಿಂದು ಏರುತ್ತೆ, ಜೂಮಿಗೆ ಬೇಕಾಗಿರೋದು ಕಾಲಿಂದು. ಮೀಟಿಂಗ್ ಒಳಗಿದ್ದಾಗಲೇ ಒತ್ತಿ.

ಇಷ್ಟೆಲ್ಲ ಮಾಡೋಕೆ ಮುಂಚೆ ಚಾಟಲ್ಲಿ "ಬೇರೆಯವರಿಗೆ ಕೇಳಿಸ್ತಿದ್ಯಾ?" ಅಂತ ಒಂದು ಸಾಲು ಹಾಕಿ. ಯಾರಿಗೂ ಕೇಳಿಸ್ತಿಲ್ಲ ಅಂದ್ರೆ ಮಾತಾಡೋರು ಮ್ಯೂಟಲ್ಲಿದಾರೆ, ನೀವು ಫೋನ್ ಬಿಚ್ಚೋದೇನೂ ಬೇಕಾಗಿಲ್ಲ. ಮುಂದಿನ ಸಲಕ್ಕೆ ಹಿಂದಿನ ದಿನವೇ ಜೂಮ್ ಡಾಟ್ ಯುಎಸ್ ಸ್ಲ್ಯಾಷ್ ಟೆಸ್ಟ್ ಅಂತ ಬ್ರೌಸರಲ್ಲಿ ಟೈಪ್ ಮಾಡಿ ಹೋಗಿ, ಅಲ್ಲಿ ಸುಮ್ನೆ ಒಂದು ಪ್ರಾಕ್ಟೀಸ್ ಮೀಟಿಂಗ್ ತೆರೆಯುತ್ತೆ, ನೀವೊಬ್ಬರೇ ಇರ್ತೀರಿ, ಎಷ್ಟು ಬೇಕಾದ್ರೂ ತಪ್ಪು ಮಾಡ್ಬಹುದು.

ಪ್ರಶ್ನೆ: ನಮ್ದು ಅಡಿಕೆ ತೋಟ, ಮನೆ ಕಣಿವೆಯಲ್ಲಿದೆ. ಎಲೆಚುಕ್ಕೆ ರೋಗದ ಬಗ್ಗೆ ವೆಬಿನಾರ್ ಇತ್ತು, ಅರ್ಧಕ್ಕೇ ಡೇಟಾ ಖಾಲಿ. ಇದ್ದಷ್ಟು ಹೊತ್ತೂ ಸುತ್ತೋ ಚಕ್ರ ನೋಡಿದ್ದೇ ಹೆಚ್ಚು.

ಲೆಕ್ಕ ನೋಡಿ. ಚೆನ್ನಾಗಿ ಕಾಣೋ ವಿಡಿಯೋ ಬರೋಕೆ ಸುಮಾರು 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಸ್ಪೀಡ್ ಬೇಕು ಅಂತಿಟ್ಕೊಳ್ಳಿ, ಅಂದ್ರೆ ಗಂಟೆಗೆ 450 ಎಂಬಿ. ನಿಮ್ಮ ಕ್ಯಾಮೆರಾನೂ ಆನ್ ಇದ್ರೆ ಹೋಗೋ ದಾರಿಲೂ ಡೇಟಾ ಖರ್ಚು. ದಿನಕ್ಕೆ 1.5 ಜಿಬಿ ಪ್ಯಾಕ್ ಇಟ್ಕೊಂಡು ಬೆಳಿಗ್ಗೆಯಿಂದ ಮಕ್ಕಳು ರೀಲ್ಸ್ ನೋಡಿದ್ರೆ ಮಧ್ಯಾಹ್ನದ ವೆಬಿನಾರಿಗೆ ಏನುಳಿಯುತ್ತೆ? ಅದೇ ಬರೀ ಧ್ವನಿ ಆದ್ರೆ 80 ಕೆಬಿಪಿಎಸ್ ಹಿಡಿದ್ರೂ ಗಂಟೆಗೆ 36 ಎಂಬಿ ಅಷ್ಟೇ, ಹತ್ತರಲ್ಲಿ ಒಂದು ಪಾಲೂ ಇಲ್ಲ. ಆದ್ರೆ ಎಲೆ ಮೇಲಿನ ಚುಕ್ಕೆ ಹೆಂಗಿರುತ್ತೆ ಅನ್ನೋದನ್ನ ಕಿವಿಲಿ ಕೇಳಿ ಏನ್ ಪ್ರಯೋಜನ, ಅದೂ ಗೊತ್ತು ನನಗೆ. ಹಾಗಾಗಿ ನಿಮ್ಮ ಕ್ಯಾಮೆರಾ ಕಟ್ಟುನಿಟ್ಟಾಗಿ ಆಫ್ ಇಟ್ಕೊಳ್ಳಿ, ಆ ಎರಡು ಗಂಟೆ ಬೇರೆ ಆಪ್‌ಗಳ ಅಪ್‌ಡೇಟೂ ನಿಲ್ಸಿ. ಇಂಥ ಕೃಷಿ ವೆಬಿನಾರುಗಳು ಎಷ್ಟೋ ಸಲ ಯೂಟ್ಯೂಬಲ್ಲೂ ಲೈವ್ ಇರ್ತವೆ, ಸಂಘಟಕರನ್ನ ಕೇಳಿ ಆ ಲಿಂಕ್ ತಗೊಳ್ಳಿ. ಅಲ್ಲಿ ಕ್ವಾಲಿಟಿ 144ಕ್ಕೋ 240ಕ್ಕೋ ಇಳಿಸಿ ಮಾತು ಕೇಳಿ, ಫೋಟೋ ತೋರಿಸೋವಾಗ ಮಾತ್ರ ಏರಿಸಿ, ತಪ್ಪಿದ್ರೆ ಹಿಂದಕ್ಕೆ ಎಳೆದು ನೋಡ್ಬಹುದು. ಪ್ರಶ್ನೆ ಕೇಳ್ಬೇಕು ಅಂದ್ರೆ ಮಾತ್ರ ಕೊನೆ ಹದಿನೈದು ನಿಮಿಷ ಜೂಮಿಗೆ ಬನ್ನಿ.

ಸಿಗ್ನಲ್ ವಿಷಯಕ್ಕೆ ಕಣಿವೆ ಮನೆಯವರೆಲ್ಲ ಮಾಡೋ ಒಂದು ಉಪಾಯ ಇದೆ. ಅಟ್ಟದ ಕಿಟಕೀಲೋ, ಅಂಗಳದ ಆ ಒಂದು ಮೂಲೇಲೋ ಎರಡು ಕಡ್ಡಿ ಬರುತ್ತಲ್ಲ, ಫೋನನ್ನ ಅಲ್ಲೇ ಇಟ್ಟು ಹಾಟ್‌ಸ್ಪಾಟ್ ಆನ್ ಮಾಡಿ, ನೀವು ಕೆಳಗೆ ಜಗಲೀಲಿ ಬೇರೆ ಫೋನಲ್ಲೋ ಲ್ಯಾಪ್‌ಟಾಪಲ್ಲೋ ಕೂತು ನೋಡಿ. ಹಾಟ್‌ಸ್ಪಾಟ್ ಸೆಟ್ಟಿಂಗಲ್ಲಿ 2.4 ಗಿಗಾಹರ್ಟ್ಸ್ ಆರಿಸಿ, ಸ್ಪೀಡ್ ಕಮ್ಮಿ ಆದ್ರೂ ಗೋಡೆ ದಾಟೋ ವಿಷಯದಲ್ಲಿ 5ಕ್ಕಿಂತ ಅದೇ ವಾಸಿ. ಫೋನಿಗೆ ಚಾರ್ಜರ್ ಹಾಕಿಡಿ, ಬಿಸಿಲು ಬೀಳೋ ಕಿಟಕಿ ಆದ್ರೆ ಒಂದು ಬಿಳಿ ಬಟ್ಟೆ ಅಡ್ಡ ಹಾಕಿ, ಇಲ್ಲಾಂದ್ರೆ ಕಾದ ಕಾವಲಿ ಆಗುತ್ತೆ.

ಪ್ರಶ್ನೆ: ಟ್ರೈನಿಂಗ್ ಮಧ್ಯೆ ಯಾರಾದ್ರೂ ಫೋನ್ ಮಾಡಿದ್ರೆ ಎಲ್ಲಾ ಕಟ್. ಎತ್ತಿ "ಆಮೇಲೆ ಮಾಡ್ತೀನಿ" ಅಂದು ವಾಪಸ್ ಬಂದ್ರೆ ಸೌಂಡೇ ಇರಲ್ಲ. ನನ್ನ ಫೋನಲ್ಲಿ ಎರಡು ಸಿಮ್ ಇದೆ.

ಎರಡು ಸಿಮ್ ಇರೋದೇ ಇಲ್ಲಿ ತೊಡಕು. ಬಹುತೇಕ ಫೋನುಗಳಲ್ಲಿ ಒಂದು ಸಿಮ್ಮಲ್ಲಿ ಮಾತಾಡ್ತಿರುವಾಗ ಇನ್ನೊಂದರ ಡೇಟಾ ನಿಂತೋಗುತ್ತೆ. ಕೆಲವು ಫೋನಲ್ಲಿ ಸಿಮ್ ಸೆಟ್ಟಿಂಗಲ್ಲೇ 'ಕಾಲ್ ಇರುವಾಗ ಡೇಟಾ ಬದಲಾಯಿಸು' ಅನ್ನೋ ಥರದ ಒಂದು ಸ್ವಿಚ್ ಇರುತ್ತೆ, ಇದ್ರೆ ಆನ್ ಮಾಡಿ. ಇಲ್ದಿದ್ರೆ ಟ್ರೈನಿಂಗ್ ಮುಗಿಯೋವರೆಗೂ ಡೇಟಾಗೆ ಬಳಸದ ಸಿಮ್ ಆಫ್ ಮಾಡಿಬಿಡಿ, ಡೇಟಾ ಇರೋ ಸಿಮ್ಮಿಗೆ ಬರೋ ಕಾಲನ್ನ ಮನೇಲಿ ಇನ್ನೊಬ್ಬರ ನಂಬರಿಗೆ ಫಾರ್ವರ್ಡ್ ಹಾಕಿ. ಅತ್ತೆ ಫೋನಿಗೆ ಹಾಕೋದಾದ್ರೆ ಮೊದಲೇ ಹೇಳಿ ಹಾಕಿ, ಇಲ್ಲಾಂದ್ರೆ ಅದು ಬೇರೆ ಪ್ರಶ್ನೋತ್ತರ ಆಗುತ್ತೆ! ಕಾಲ್ ಮುಗಿದ ಮೇಲೆ ಸೌಂಡ್ ವಾಪಸ್ ಬರ್ಲಿಲ್ಲ ಅಂದ್ರೆ ಮೊದಲನೇ ಉತ್ತರದಲ್ಲಿ ಹೇಳಿದ 'ಜಾಯಿನ್ ಆಡಿಯೋ' ಮತ್ತೆ ಒತ್ತಿ.

ಪ್ರಶ್ನೆ: ನಾನು ಮಾತಾಡಿದ ತಕ್ಷಣ ನನ್ನ ದನಿ ನನಗೇ ಎರಡೆರಡು ಸಲ ಕೇಳಿಸುತ್ತೆ. ಎಲ್ಲರೂ ನನ್ನ ಮೈಕ್ ಸರಿ ಇಲ್ಲ ಅಂತಾರೆ.

ನಿಮ್ಮ ಮೈಕ್ ಸರಿಯಾಗೇ ಇದೆ. ಪ್ರತಿಧ್ವನಿ ಮಾಡೋರಿಗೆ ಅದು ಕೇಳಿಸಲ್ಲ, ಮಾತಾಡೋರಿಗೇ ಕೇಳಿಸೋದು, ತಮಾಷೆ ಇರೋದೇ ಇಲ್ಲಿ. ಆ ಕಡೆ ಯಾರೋ ಮೈಕ್ ತೆರೆದಿಟ್ಟು ಸ್ಪೀಕರ್ ಜೋರಾಗಿ ಇಟ್ಟಿದಾರೆ, ಅವರ ಸ್ಪೀಕರಿಂದ ಹೊರಬಂದ ನಿಮ್ಮ ಮಾತು ಅವರ ಮೈಕಿಗೇ ನುಗ್ಗಿ ನಿಮಗೆ ವಾಪಸ್ ಬರ್ತಿದೆ. ಸ್ಟಾಫ್ ರೂಮಲ್ಲಿ ಒಂದೇ ಟೇಬಲ್ ಸುತ್ತ ಮೂರು ಜನ ಮೂರು ಫೋನ್ ಹಿಡಿದು ಕೂತಿದ್ರಂತೂ ಕೇಳೋದೇ ಬೇಡ. ಹೋಸ್ಟ್, ಅಂದ್ರೆ ಮೀಟಿಂಗ್ ನಡೆಸೋರು, ಒಬ್ಬೊಬ್ಬರನ್ನೇ ಮ್ಯೂಟ್ ಮಾಡ್ತಾ ಹೋದ್ರೆ ಕಳ್ಳ ಸಿಗ್ತಾನೆ.

ಪ್ರಶ್ನೆ: ಮಗಳು ಅಮೆರಿಕದ ಒಂದು ಕೋರ್ಸಿನ ಫ್ರೀ ವೆಬಿನಾರಿಗೆ ಹೆಸರು ಕೊಟ್ಟಿದ್ಳು. 11 ಎಎಂ ಈಟಿ ಅಂತಿತ್ತು. ಫೆಬ್ರವರೀಲಿ ರಾತ್ರಿ 9.30ಕ್ಕೆ ಸರಿಯಾಗಿ ಸಿಕ್ತು, ಏಪ್ರಿಲಲ್ಲಿ ಅದೇ ಹೊತ್ತಿಗೆ ಹೋದ್ರೆ ಮುಗಿದೇ ಹೋಗಿತ್ತು.

ಈಟಿ ಅಂದ್ರೆ ಈಸ್ಟರ್ನ್ ಟೈಮ್, ನ್ಯೂಯಾರ್ಕ್ ಕಡೆಯ ಟೈಮು. ಅಲ್ಲಿಯವರು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸ್ತಾರೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲನೇ ಭಾನುವಾರದವರೆಗೆ ನ್ಯೂಯಾರ್ಕ್ ಕಡೆಯ ಟೈಮು ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಉಳಿದ ತಿಂಗಳು ಹತ್ತೂವರೆ. ಹಾಗಾಗಿ ಏಪ್ರಿಲಲ್ಲಿ ಅದು ನಮ್ಮ ರಾತ್ರಿ 8.30. ಈಮೇಲಲ್ಲಿ ಬರೋ 'ಆಡ್ ಟು ಕ್ಯಾಲೆಂಡರ್' ಒತ್ತಿಬಿಡಿ, ಫೋನೇ ನಮ್ಮ ಟೈಮಿಗೆ ಬದಲಾಯಿಸಿ ತೋರಿಸುತ್ತೆ.

ಪ್ರಶ್ನೆ: ಐದು ದಿನ ಪೂರ್ತಿ ಅಟೆಂಡ್ ಆದೆ, ಹಾಜರಿ ಪಟ್ಟೀಲಿ ನನ್ನ ಹೆಸರೇ ಇಲ್ಲ. 'ರೆಡ್ಮಿ ನೋಟ್' ಅಂತ ಒಂದು ಹೆಸರಿದೆಯಂತೆ.

ಆ ರೆಡ್ಮಿ ನೋಟ್ ನೀವೇ. ಒಳಗೆ ಹೋಗುವಾಗ ಹೆಸರು ಟೈಪ್ ಮಾಡ್ದೆ ಹೋದ್ರೆ ಕೆಲವು ಸಲ ಫೋನಿನ ಹೆಸರೇ ಹೋಗಿ ಕೂರುತ್ತೆ. ವೆಬಿನಾರ್ ಅಲ್ದೆ ಮಾಮೂಲಿ ಜೂಮ್ ಮೀಟಿಂಗ್ ಆಗಿದ್ರೆ, ನಡೀತಿರುವಾಗಲೇ ಪಾರ್ಟಿಸಿಪೆಂಟ್ಸ್ ಪಟ್ಟಿ ತೆಗೆದು ನಿಮ್ಮ ಹೆಸರು ಮುಟ್ಟಿ 'ರೀನೇಮ್' ಮಾಡ್ಬಹುದು, ಹೋಸ್ಟ್ ಅದನ್ನ ತಡೆದಿರಬಾರದು ಅಷ್ಟೇ. ಸರ್ಟಿಫಿಕೇಟಿಗೆ ಮಾತ್ರ ರಿಜಿಸ್ಟರ್ ಆಗುವಾಗ ಕೊಟ್ಟ ಹೆಸರೇ ಬರೋದು ರೂಢಿ, ಹಾಗಾಗಿ ಇನಿಷಿಯಲ್ ಮುಂದೆ ಇರ್ಲೋ ಹಿಂದೆ ಇರ್ಲೋ ಅಂತ ಅಲ್ಲೇ ಯೋಚನೆ ಮಾಡಿ ಹಾಕಿ. ಈಗ ಸಂಘಟಕರಿಗೆ ರಿಜಿಸ್ಟರ್ ಆದ ಈಮೇಲ್ ಐಡಿ, ಸೇರಿದ ತಾರೀಕು ಬರೆದು ಕಳಿಸಿ. ಯಾವತ್ತಾದ್ರೂ ಸ್ಕ್ರೀನ್‌ಶಾಟ್ ತೆಗೆದಿದ್ರೆ ಅದೂ ಸೇರಿಸಿ.

ಪ್ರಶ್ನೆ: ವೆಬಿನಾರ್ ಆದ ಎರಡು ದಿನಕ್ಕೆ ಒಬ್ಬರು ಫೋನ್ ಮಾಡಿ, ಸರ್ಟಿಫಿಕೇಟ್ ಡೌನ್‌ಲೋಡ್ ಆಗೋಕೆ ಒಂದು ಆಪ್ ಹಾಕ್ಕೊಳ್ಳಿ, ಸ್ಕ್ರೀನ್ ಶೇರ್ ಮಾಡಿ, ನಾನೇ ಸರಿ ಮಾಡ್ತೀನಿ ಅಂದ್ರು. ಅರ್ಧ ಮಾಡಿ ಭಯ ಆಗಿ ಕಟ್ ಮಾಡ್ದೆ.

ಕಟ್ ಮಾಡಿದ್ದು ಸಾವಿರ ಪಾಲು ಒಳ್ಳೇದಾಯ್ತು. ಸ್ಕ್ರೀನ್ ಶೇರ್ ಮಾಡಿದ್ರೆ ನಿಮಗೆ ಬರೋ ಓಟಿಪಿ ಅವರಿಗೂ ಕಾಣುತ್ತೆ, ಅವರಿಗೆ ಬೇಕಾಗಿರೋದೂ ಅದೇ. ಸರ್ಟಿಫಿಕೇಟ್ ಅನ್ನೋದು ಒಂದು ಪಿಡಿಎಫ್, ಈಮೇಲಲ್ಲಿ ಬರುತ್ತೆ, ಅದಕ್ಕೆ ಯಾವ ಆಪೂ ಬೇಡ. ವಾಟ್ಸಾಪಲ್ಲಿ ಎಪಿಕೆ ಫೈಲ್ (ಆಪ್ ಇನ್‌ಸ್ಟಾಲ್ ಮಾಡೋ ಫೈಲ್) ಕಳಿಸಿದ್ರೆ ಮುಟ್ಲೇಬೇಡಿ. ಈಗ ಆ ಆಪ್ ಫೋನಲ್ಲಿದ್ರೆ ನೆಟ್ ಆಫ್ ಮಾಡಿ ತೆಗೆದುಹಾಕಿ, ಬೇರೆ ಫೋನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ, ಯುಪಿಐ ಪಿನ್ನೂ ಬದಲಾಯಿಸಿ, ಖಾತೆ ಒಂದ್ಸಲ ನೋಡಿ. ಹಣ ಹೋಗಿದ್ರೆ ನಾಳೆ ನೋಡೋಣ ಅನ್ಬೇಡಿ, ಕೂಡ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ಹಣ ತಡೆಹಿಡಿಯೋ ಅವಕಾಶ ಜಾಸ್ತಿ.

ಪ್ರಶ್ನೆ: ನಮ್ಮ ಸಂಘದ ಟ್ರೈನಿಂಗ್ ದಿನಾ 40 ನಿಮಿಷಕ್ಕೆ ಸರಿಯಾಗಿ ಕಟ್ ಆಗುತ್ತೆ. ಹೊಸ ರೌಟರ್ ತಗೊಂಡೆ, ಆದ್ರೂ ಹಂಗೇ.

ಅಯ್ಯೋ, ರೌಟರ್ ತಗೊಳ್ಳೋ ಮುಂಚೆ ಕೇಳ್ಬಾರದಿತ್ತಾ! ಜೂಮಿನ ಫ್ರೀ ಅಕೌಂಟಲ್ಲಿ ಮೀಟಿಂಗಿಗೆ 40 ನಿಮಿಷ, 100 ಜನ, ಅಷ್ಟೇ ಮಿತಿ. ಮೀಟಿಂಗ್ ಮಾಡ್ತಿರೋರು ದುಡ್ಡು ಕಟ್ಟಿಲ್ಲ. ಸೆಕ್ರೆಟರಿಗೆ ಹೇಳಿ. ಅಂಗಡಿಯವರು ವಾಪಸ್ ತಗೊಳ್ತಾರಾ ಕೇಳಿ ನೋಡಿ, ರೌಟರಿನ ಡಬ್ಬ ಎಸೆದಿಲ್ಲ ತಾನೇ?