ಶೆಡ್ಡಿನಲ್ಲಿ ಕಾರ್ ಚಾರ್ಜರ್: ಅರ್ತಿಂಗ್ ಮೊದಲು, ಕೇಬಲ್ ಆಮೇಲೆ

ಬ್ರಹ್ಮಾವರದ ಮನೆ, ಮೀಟರ್ ಬೋರ್ಡಿನಿಂದ ಶೆಡ್ಡಿಗೆ 30 ಮೀಟರ್, ಎಲೆಕ್ಟ್ರಿಕ್ ಕಾರಿಗೆ 7.4 ಕಿಲೋವಾಟ್ ಚಾರ್ಜರ್. 4 ಸ್ಕ್ವೇರ್ ಎಂಎಂ ವಯರ್ ಸಾಕು, ‘ಅರ್ತ್ ಇಲ್ಲ’ ಅಂತ ಎರರ್ ಬಂದರೆ ಚಾರ್ಜರಿನ ಅರ್ತ್ ಟರ್ಮಿನಲ್ಲನ್ನು ಅಲ್ಲೇ ನ್ಯೂಟ್ರಲಿಗೆ ಜೋಡಿಸಿ ಲೂಪ್ ಕೊಡುವ ಅಂತ ಎಲೆಕ್ಟ್ರಿಷಿಯನ್ ಹೇಳಿದ್ದಾರೆ ಅಂದಿರಿ. ಆ ಲೂಪ್ ಮಾತ್ರ ಯಾವ ಕಾರಣಕ್ಕೂ ಬೇಡ ಮಾರಾಯ್ರೆ.

ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಕಂಬದ ನ್ಯೂಟ್ರಲ್ ತುಂಡಾಗುವುದು ನಮ್ಮ ಕಡೆ ಹೊಸತಲ್ಲ. ಲೂಪ್ ಇದ್ದರೆ ಆಗ ಮನೆಯ ಫ್ಯಾನು, ಫ್ರಿಜ್ಜಿನ ಮೂಲಕ ಹಾದ ಕರೆಂಟ್ ನೇರ ಕಾರಿನ ಬಾಡಿಗೆ ಬರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ಗತಿ ಏನು? ಸರಿಯಾದ ಅರ್ತ್ ಇಲ್ಲದೆ ಬರೀ ಲೂಪ್ ಇದ್ದರೆ ಇನ್ನೊಂದು ತೊಂದರೆ: ಫೇಸ್ ಬಾಡಿಗೆ ತಾಗಿದರೂ ಕರೆಂಟ್ ನ್ಯೂಟ್ರಲಿನಲ್ಲೇ ವಾಪಸ್ ಹೋಗುವುದರಿಂದ ಲೀಕೇಜ್ ಬ್ರೇಕರಿಗೆ (ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಹೊಂದದಿದ್ದರೆ ಆಫ್ ಆಗುವ ಬ್ರೇಕರ್) ಗೊತ್ತೇ ಆಗುವುದಿಲ್ಲ.

ಚಾರ್ಜರಿಗೆಂದೇ ಬೇರೆ ಅರ್ತ್ ತೆಗೆಸಿ. 3 ಮೀಟರಿನ ತಾಮ್ರ ಲೇಪಿತ ರಾಡ್, ಸುತ್ತ ಬೆಂಟೊನೈಟ್ ಪುಡಿ (ತೇವ ಹಿಡಿದಿಡುವ ಜೇಡಿ). ಉಪ್ಪು ಹಾಕಿದರೆ ನಮ್ಮ ಮಳೆಗೆ ತೊಳೆದು ಹೋಗುತ್ತದೆ, ಇರುವಷ್ಟು ದಿನ ಲೋಹವನ್ನೂ ತಿನ್ನುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ನೀರು ನಿಲ್ಲುವುದಿಲ್ಲ, ಮಾರ್ಚ್ ಹೊತ್ತಿಗೆ ಒಣಗಿ ರೆಸಿಸ್ಟೆನ್ಸ್ ಏರುತ್ತದೆ. ಹಾಗಾಗಿ ಬಚ್ಚಲ ನೀರು ಹೋಗುವ ಕಡೆ ಅಥವಾ ದಿನಾ ನೀರು ಬಿಡುವ ತೆಂಗಿನ ಕಟ್ಟೆಯ ಹತ್ತಿರ ರಾಡ್ ಇಳಿಸಿ, ಅಳತೆ ಏಪ್ರಿಲಿನಲ್ಲಿ ಮಾಡಿಸಿ. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಆದರೂ ಫೇಸ್ ಬಾಡಿಗೆ ತಾಗಿದಾಗ 230 ವೋಲ್ಟಿಗೆ 5 ಓಮ್ ಅಂದರೆ ಹರಿಯುವುದು 46 ಆಂಪ್. ಅಷ್ಟಕ್ಕೆ 40 ಆಂಪಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಆಫ್ ಆಗುವ ಬ್ರೇಕರ್) ತಕ್ಷಣ ಬೀಳುವುದಿಲ್ಲ. ಅದಕ್ಕೇ 30 ಮಿಲಿಆಂಪಿನ, ಎರಡು ಪೋಲಿನ, 40 ಆಂಪ್ ಆರ್‌ಸಿಬಿಒ (ಲೀಕೇಜ್, ಓವರ್ಲೋಡ್ ಎರಡಕ್ಕೂ ಬೀಳುವ ಬ್ರೇಕರ್) ಬೇಕೇಬೇಕು. ಚಾರ್ಜರಿನೊಳಗೆ 6 ಮಿಲಿಆಂಪ್ ಡಿಸಿ ಲೀಕೇಜ್ ಸೆನ್ಸರ್ ಇದ್ದರೆ ಈ ಬ್ರೇಕರ್ ಟೈಪ್ ಎ ಸಾಕು, ಇಲ್ಲದಿದ್ದರೆ ಡಿಸಿ ಲೀಕೇಜನ್ನೂ ಹಿಡಿಯುವ ಟೈಪ್ ಬಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಟೈಪ್ ಎಸಿ ಬೇಡ.

ಈಗ ವಯರ್. ಈ ಚಾರ್ಜರ್ 32 ಆಂಪನ್ನು ಗಂಟೆಗಟ್ಟಲೆ ಎಳೆಯುತ್ತದೆ. 30 ಮೀಟರಿಗೆ 4 ಸ್ಕ್ವೇರಿನಲ್ಲಿ ಸುಮಾರು 10.5 ವೋಲ್ಟ್ ಬೀಳುತ್ತದೆ, 6ರಲ್ಲಿ 7, 10ರಲ್ಲಿ 4 ಚಿಲ್ಲರೆ. ಪೈಪಿನೊಳಗೆ, ನಮ್ಮ ಸೆಕೆಗೆ, 40 ಆಂಪ್ ಬ್ರೇಕರ್ ಹಿಂದೆ 6 ಕೂಡ ಅಂಚಿನಲ್ಲೇ ನಿಲ್ಲುತ್ತದೆ. 10 ಸ್ಕ್ವೇರಿನ ಮೂರು ಕೋರ್ ತಾಮ್ರದ ಆರ್ಮರ್ಡ್ ಕೇಬಲ್ ಹಾಕಿಸಿ. ಮುರಕಲ್ಲು ಅಗೆಯುವ ಬದಲು ಕಾಂಪೌಂಡ್ ಗೋಡೆಗೆ ಕ್ಲಾಂಪ್ ಹೊಡೆಯಬಹುದು.

ಬ್ರೇಕರ್ ಕೂರುವ ಬಾಕ್ಸ್ ಐಪಿ65 (ಧೂಳು, ನೀರು ಒಳಗೆ ಹೋಗದ್ದು) ಇರಲಿ, ಕೇಬಲ್ ಕೆಳಗಿನಿಂದಲೇ ಗ್ಲ್ಯಾಂಡ್ ಮೂಲಕ ಒಳಗೆ ಹೋಗಲಿ. ಕಡಲ ಗಾಳಿಗೆ ಬರೀ ತಾಮ್ರ ಹಸಿರು ಹಿಡಿಯುತ್ತದೆ, ತವರ ಲೇಪದ ಲಗ್ ಒತ್ತಿಸಿ. ಕೆಲಸಕ್ಕೆ ಬಾರದ ತೂತುಗಳನ್ನೆಲ್ಲ ಮುಚ್ಚಿಸಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಸಿಡಿಲಿಗೆ ಟೈಪ್ 2 ಎಸ್‌ಪಿಡಿ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ಅರ್ತಿಗೆ ಕಳಿಸುವ ಸಾಧನ) ಹಾಕಿಸಿ, ಅದರ ವಯರ್ ಅರ್ಧ ಮೀಟರ್ ಮೀರಬಾರದು.

ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಕರೆಂಟಿನ ಮಿತಿ) 3 ಕಿಲೋವಾಟ್ ಅಂದಿರಿ. ಮೆಸ್ಕಾಂ ಲೋಡ್ ಏರಿಸಿ ಕೊಡುವವರೆಗೆ ಚಾರ್ಜರನ್ನು ಪೂರ್ತಿ ಓಡಿಸಬೇಡಿ. ಸೆಟ್ಟಿಂಗಿನಲ್ಲಿ 6 ಅಥವಾ 8 ಆಂಪಿಗೆ ಇಳಿಸಿ, ಮನೆಯವರು ಮಲಗಿದ ಮೇಲೆ ಹಾಕಿ.

ಪೂರ್ತಿ ಲೋಡಿನಲ್ಲಿ ಮೊದಲ ಸಲ ಹಾಕಿದಾಗ ಒಂದು ಗಂಟೆ ಬಿಟ್ಟು ಬ್ರೇಕರಿನ ಮುಖ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸ್ಕ್ರೂ ಸಡಿಲ ಇರಬಹುದು. ಒಂದು ವಾರದ ನಂತರ ಮೇನ್ ಆಫ್ ಮಾಡಿಸಿ ಎಲ್ಲ ಸ್ಕ್ರೂ ಇನ್ನೊಮ್ಮೆ ಬಿಗಿ ಮಾಡಿಸಿ.