“ಇಲ್ಲಿ ಯಾರೂ ಇಲ್ಲ ಮೇಡಂ”

ಆಫ್ರಿಕಾದ ಸಣ್ಣ ಊರುಗಳಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು ಸಮಾಲೋಚನೆಗೆ ಅಂತ ಫೋನ್ ಮಾಡಿ ನನ್ನ ಹತ್ತಿರ ಹೇಳಿಕೊಳ್ಳುವ ಕಷ್ಟ ಹೆಚ್ಚುಕಮ್ಮಿ ಒಂದೇ. ಸಂಬಳ ಬರುತ್ತಿದೆ, ಮನಸ್ಸು ನಿಲ್ಲುತ್ತಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಮಂಜು ಅನ್ನೋಣ. ಹಾಸನದ ಕಡೆಯವರು, ಮೂವತ್ತರ ಆಸುಪಾಸು. ಉಗಾಂಡದ ಜಿಂಜಾದಲ್ಲಿ ಒಂದು ಕಾರ್ಖಾನೆಯ ಲೆಕ್ಕ ಬರೆಯುತ್ತಾರೆ. ಕಂಪಾಲಾದಿಂದ ಸುಮಾರು 80 ಕಿ.ಮೀ., ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವ ಜಾಗ ಅದು. ಆದರೆ ಮಂಜು ನದಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಎತ್ತರದ ಗೋಡೆಯ ಕಾಂಪೌಂಡು, ಒಳಗೇ ರೂಮು, ಭಾರತೀಯರದೇ ಮೆಸ್ಸು. ರಾತ್ರಿ ಎಂಟಕ್ಕೆ ಹೆಂಡತಿಗೆ ವಿಡಿಯೋ ಕಾಲ್. ಆಗ ಇಲ್ಲಿ ಭಾರತದಲ್ಲಿ ಹತ್ತೂವರೆ. ಮಾತು ಮುಗಿಯುವಾಗ ಇಲ್ಲಿ ಒಂದು ಗಂಟೆ ದಾಟಿರುತ್ತಿತ್ತು. ಬೆಳಿಗ್ಗೆ ಎದ್ದು ಮಗುವನ್ನು ಸ್ಕೂಲಿಗೆ ಕಳಿಸಬೇಕು ಪಾಪ, ಆಕೆ.

ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ ಅಂದರು. ಮಲೇರಿಯಾ ಬರದಿರಲಿ ಅಂತ ಏನಾದರೂ ಮಾತ್ರೆ ತಗೊಳ್ತಿದ್ದೀರಾ ಅಂತ ಮೊದಲು ಕೇಳಿದೆ. ವಾರಕ್ಕೊಮ್ಮೆ ನುಂಗುವ ಮೆಫ್ಲೋಕ್ವಿನ್‌ನಿಂದ ಕೆಲವರಿಗೆ ಕೆಟ್ಟ ಕನಸು, ಗಾಬರಿ ಆಗುವುದುಂಟು. ಅವರು ಏನೂ ತಗೊಳ್ತಿರಲಿಲ್ಲ.

ಎರಡನೇ ಸಲ ಮಾತಾಡುವಾಗ ಅವರು ವರಾಂಡದಲ್ಲಿ ಕೂತಿದ್ದರು. “ಇಲ್ಲಿ ಮಾತಾಡೋಕೆ ಯಾರೂ ಇಲ್ಲ ಮೇಡಂ” ಅಂದರು. ಅಷ್ಟರಲ್ಲಿ ಒಬ್ಬರು ಬಂದು, ಮೇಜಿನ ಮೇಲಿನ ಹಳೇ ಲೋಟದ ಗುರುತನ್ನು ಬಟ್ಟೆಯಿಂದ ಒರೆಸಿ, ಟೀ ಇಟ್ಟು ಹೋದರು.

“ಯಾರು ಅವರು?”

“ಅವನಾ? ಯಾರೂ ಇಲ್ಲ ಮೇಡಂ. ಅಡುಗೆ ಹುಡುಗ.”

ಆ “ಹುಡುಗ”ನ ತಲೆ ಅರ್ಧ ಬೆಳ್ಳಗಾಗಿದ್ದು ನನಗೆ ಪರದೆಯಲ್ಲೇ ಕಾಣಿಸಿತ್ತು.

“ಹೆಸರೇನು?”

ಮಂಜು ಸುಮ್ಮನಾದರು. “ನಾನು ಬಂದಾಗಿಂದ ಅವನೇ ಟೀ ಕೊಡೋದು” ಅಂದರು. ಹೆಸರು ಗೊತ್ತಿರಲಿಲ್ಲ.

ನಾನು ಬೈಯಲಿಲ್ಲ. ಕಾಂಪೌಂಡಿನ ಹಿರಿಯರು ಬಂದ ದಿನವೇ ಇವರಿಗೆ 1972ರ ಕಥೆ ಹೇಳಿದ್ದರು. ಆಗಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನ ಗಡುವು ಕೊಟ್ಟು ಏಷ್ಯನ್ನರನ್ನು, ಅಂದರೆ ಹೆಚ್ಚಾಗಿ ಭಾರತೀಯ ಮೂಲದವರನ್ನು, ದೇಶ ಬಿಡಿಸಿದ್ದು, ಅಂಗಡಿ ಮನೆ ಎಲ್ಲ ಹೋಗಿದ್ದು. ಆ ಭಯ ಸುಳ್ಳಲ್ಲ. ಆದರೆ ಅದೇ ಅಮೀನ್ ಕಾಲದಲ್ಲಿ ಉಗಾಂಡದವರೇ ಎಷ್ಟೋ ಜನ ಸತ್ತರು. ಟೀ ಕೊಡುವವರ ಮನೆಯಲ್ಲೂ ಅಂಥ ಕಥೆ ಇರಬಹುದು, ಅಲ್ವಾ?

ನಾನು ಕೊಟ್ಟ ಸಲಹೆ ಸಣ್ಣದು. ನಾಳೆ ಟೀ ಕೇಳುವ ಮೊದಲು ಅಲ್ಲಿಯ ಲುಗಾಂಡ ಭಾಷೆಯಲ್ಲಿ “ಓಲಿ ಓಟ್ಯಾ, ಸೆಬೊ” (ಹೇಗಿದ್ದೀರಿ ಸಾರ್) ಅಂತ ಯೋಗಕ್ಷೇಮ ವಿಚಾರಿಸಿ, ಹೆಸರು ಕೇಳಿ. ಅಲ್ಲಿ ಯೋಗಕ್ಷೇಮ ಕೇಳದೆ ನೇರ ಕೆಲಸದ ಮಾತಿಗಿಳಿಯುವುದು ಒರಟುತನ. ಹೆಂಡತಿಯ ಜೊತೆ ದಿನಕ್ಕೆ ಅರ್ಧ ಗಂಟೆ ಮಾತು ಸಾಕು. ವಾಪಸ್ ಬರುವ ತೀರ್ಮಾನ ಎರಡು ತಿಂಗಳು ಬೇಡ. ಕತ್ತಲಾದ ಮೇಲೆ ಒಬ್ಬರೇ ತಿರುಗಬೇಡಿ ಅಂತಲೂ ಹೇಳಿದೆ.

ನೊಂದು ಬಂದವನಿಗೇ ಬುದ್ಧಿ ಹೇಳಿದಿರಿ, ಇದ್ದ ಒಂದು ಆಸರೆಯನ್ನೂ ಕತ್ತರಿಸಿದಿರಿ ಅಂತ ಸಹೋದ್ಯೋಗಿಯೊಬ್ಬರು ಬೇಜಾರು ಮಾಡಿಕೊಂಡರು. ನಾನು ಒಪ್ಪುವುದಿಲ್ಲ. ದಿನಕ್ಕೆ ಹತ್ತು ಸಲ ಎದುರಾಗುವ ಜನರನ್ನು ಲೆಕ್ಕಕ್ಕೇ ತಗೊಳ್ಳದಿದ್ದರೆ ಒಂಟಿತನ ಬರದೆ ಇನ್ನೇನು ಬರುತ್ತದೆ? ಮೂರು ಗಂಟೆ ಹೊತ್ತು ಎಳೆಯುತ್ತಿದ್ದ ಆ ಕಾಲ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಸೋಲುತ್ತಿದ್ದರು.

ಮುಂದಿನ ಸಲ ಮಂಜು ತಾವಾಗಿಯೇ ಶುರು ಮಾಡಿದರು. ಅಡುಗೆಯವರು ಹಿತ್ತಲಲ್ಲಿ ಊಟಕ್ಕೆ ಕೂತಿದ್ದರಂತೆ. ತಟ್ಟೆಯಲ್ಲಿ ಕಂದು ಬಣ್ಣದ ಮುದ್ದೆ! ಅಲ್ಲಿ ಅದಕ್ಕೆ ಕಾಲೊ ಅನ್ನುತ್ತಾರೆ, ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಸೇರಿಸಿ ತೊಳಸುತ್ತಾರೆ. ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಮಂಜು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ್ದು ನೋಡಿ ಆ ಮನುಷ್ಯ ತಮ್ಮ ಹೆಂಡತಿಗೆ ಫೋನ್ ಮಾಡಿ ಹೇಳಿದರಂತೆ. ಹೇಳುವಾಗ ಮಂಜು ನಗುತ್ತಿದ್ದರು.

ಎಲ್ಲವೂ ಮನಸ್ಸಿನ ಕಾಯಿಲೆಯಲ್ಲ. ಅವರ ಪಾಸ್‌ಪೋರ್ಟ್ ಮಾಲೀಕರ ಬೀರುವಿನಲ್ಲಿತ್ತು. ಊರಲ್ಲಿ ಏನಾದರೂ ಆದರೆ ಹೊರಡೋಕೆ ಆಗುತ್ತಾ ಅನ್ನುವ ಹೆದರಿಕೆಯಲ್ಲಿ ಯಾರಿಗೆ ನಿದ್ದೆ ಬರುತ್ತದೆ? ಪಾಸ್‌ಪೋರ್ಟ್ ಭಾರತ ಸರ್ಕಾರದ್ದು, ಮಾಲೀಕರದ್ದಲ್ಲ. ಬರವಣಿಗೆಯಲ್ಲಿ ಕೇಳಿ, ಕೊಡದಿದ್ದರೆ ಕಂಪಾಲಾದ ಭಾರತೀಯ ಹೈಕಮಿಷನ್‌ಗೆ ಬರೆಯಿರಿ ಅಂದೆ. ಕೇಳಿದರು, ಕೊಟ್ಟರು. ನಿದ್ದೆ ಸುಧಾರಿಸಿದ್ದು ಅದಾದ ಮೇಲೇ. ಹೀಗೆ ಕೆಲಸಕ್ಕೆ ಹೋದವರನ್ನು ಪಾಸ್‌ಪೋರ್ಟ್ ಎಲ್ಲಿದೆ ಅಂತ ಮನೆಯವರು ತಪ್ಪದೆ ಕೇಳಿ.

ಒಪ್ಪಂದ ಮುಂದುವರಿಸಬೇಕಾ ಬೇಡವಾ, ಮಂಜು ಇನ್ನೂ ತೀರ್ಮಾನಿಸಿಲ್ಲ. ಅವರ ಹೆಂಡತಿಗೂ ಮಾತಾಡಲು ಯಾರಾದರೂ ಬೇಕಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟಿದ್ದೇನೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.